ಹೃದಯದ ಗಾಯಗಳು: ಎದೆಯ ಮೊಂಡು ಪೆಟ್ಟಿನಿಂದಾದವು

ಚರ್ಮ ಹರಿಯದೆ, ರಕ್ತ ಹೊರಕ್ಕೆ ಸುರಿಯದೆ, ಎದೆಗೆ ಬಿದ್ದ ಪೆಟ್ಟು ಒಳಗಿನ ಹೃದಯವನ್ನು ಜಜ್ಜುವ, ಕೆಲವೊಮ್ಮೆ ಬಿರಿಯಿಸುವ ಅವಸ್ಥೆ. ಎದೆಯೆಲುಬಿಗೂ ಬೆನ್ನೆಲುಬಿಗೂ ನಡುವೆ ಸಿಕ್ಕಿ ಅಮುಕಲ್ಪಡುವ ಹೃದಯದಲ್ಲಿ ಮುಂಭಾಗಕ್ಕಿರುವ ಬಲ ಹೃತ್ಕುಕ್ಷಿಗೇ ಪೆಟ್ಟು ಹೆಚ್ಚಾಗಿ ತಗಲುವುದು. ಹೊರಗೆ ಗುರುತನ್ನುಳಿಸದ ಈ ಗಾಯವು ಬಹುಕಾಲ ಶವಪರೀಕ್ಷೆಯ ಮೇಜಿನ ಮೇಲಲ್ಲದೆ ವೈದ್ಯರ ಕಣ್ಣಿಗೆ ಬೀಳದಿದ್ದುದರಿಂದ, ಇದರ ಚರಿತ್ರೆಯು ಮುಖ್ಯವಾಗಿ ರೋಗನಿದಾನದ ಚರಿತ್ರೆಯೇ ಆಗಿದೆ.

ವೈದ್ಯನಾಗಿ ಪಡೆದುದಕ್ಕಿಂತ ಕವಿಯಾಗಿಯೇ ಹೆಚ್ಚು ಕೀರ್ತಿ ಪಡೆದ ಲಂಡನ್ನಿನ ಮಾರ್ಕ್ ಏಕನ್‌ಸೈಡ್, ತಟ್ಟೆಯ ಅಂಚು ಎದೆಗೆ ಬಡಿದು, ತಿಂಗಳುಗಟ್ಟಲೆ ನರಳಿ ಮಡಿದ ಬಾಲಕನೊಬ್ಬನ ವೃತ್ತಾಂತವನ್ನು 1764ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು; ಶವವನ್ನು ಛೇದಿಸಿ ನೋಡಿದಾಗ ಎಡ ಹೃತ್ಕುಕ್ಷಿಯ ಮೇಲೆ ಜಜ್ಜುಗಾಯದ ಕುರುಹು ಕಂಡಿತ್ತು. 1896ರಲ್ಲಿ ಫ್ರಾಂಕ್‌ಫರ್ಟಿನ ಲುಡ್ವಿಗ್ ರೇನ್ ಚೂರಿಯಿಂದ ಇರಿತಕ್ಕೀಡಾದ ಹೃದಯವನ್ನು ಹೊಲಿದು ರೋಗಿಯನ್ನುಳಿಸಿದ ಮೇಲೆ, ಹೃದಯವನ್ನು ಮುಟ್ಟಬಾರದೆಂಬ ಹಳೆಯ ಭೀತಿ ಸಡಿಲಿತು. ಆದರೆ ಇರಿತವು ತನ್ನ ದಾರಿಯನ್ನು ತಾನೇ ತೋರುತ್ತದೆ, ಮೊಂಡು ಪೆಟ್ಟು ತೋರುವುದಿಲ್ಲ. ಅಂಥ ಪೆಟ್ಟಿನಿಂದ ಬಿರಿದ ಹೃದಯವನ್ನು ಹೊಲಿದು ಗೆದ್ದ ವರದಿಯನ್ನು ಡೆಫಾರ್ಜ್ ಮತ್ತು ಸಂಗಡಿಗರು ಪ್ರಕಟಿಸಿದುದು 1955ರಷ್ಟು ತಡವಾಗಿ.

ಈ ನಡುವೆ ಅಮೆರಿಕದ ಕ್ಲೀವ್‌ಲ್ಯಾಂಡಿನ ಶಸ್ತ್ರವೈದ್ಯ ಕ್ಲಾಡ್ ಬೆಕ್ 1935ರಲ್ಲಿ, ಹೃದಯಾವರಣದೊಳಗೆ ರಕ್ತ ತುಂಬಿದಾಗ ಧಮನಿಗಳ ಒತ್ತಡ ಇಳಿಯುವುದನ್ನೂ, ಸಿರೆಗಳ ಒತ್ತಡ ಏರುವುದನ್ನೂ, ಹೃದಯದ ಸದ್ದು ಕ್ಷೀಣಿಸುವುದನ್ನೂ ಒಟ್ಟುಗೂಡಿಸಿ ಹೇಳಿದನು. ಮೋಟಾರು ವಾಹನಗಳು ಹೆಚ್ಚಿ, ಚುಕ್ಕಾಣಿಚಕ್ರಕ್ಕೆ ಎದೆ ಅಪ್ಪಳಿಸುವ ಅಪಘಾತಗಳು ಸಾಮಾನ್ಯವಾದಂತೆ ಮೊಂಡು ಪೆಟ್ಟಿನ ಹೃದಯಗಾಯದ ವಿಷಯ ಮಹತ್ತ್ವ ಪಡೆಯಿತು. 1958ರಲ್ಲಿ ಪಾರ್ಮ್ಲಿ ಮತ್ತು ಸಹೋದ್ಯೋಗಿಗಳು ಇಂಥ ಗಾಯಗಳು ಕಂಡುಬಂದ 546 ಶವಪರೀಕ್ಷೆಗಳ ವಿವರವನ್ನು ಪ್ರಕಟಿಸಿದರು.

ಬದುಕಿರುವವರಲ್ಲಿ ಗಾಯವನ್ನು ಕಂಡುಹಿಡಿಯುವುದು ಮಾತ್ರ ಕಠಿನವಾಗಿಯೇ ಉಳಿಯಿತು. ಒಂದು ಕಾಲದಲ್ಲಿ ನಂಬಿದ್ದ ಸಿಕೆ-ಎಂಬಿ ಎಂಬ ಕಿಣ್ವವು, ಮೈಯ ಇತರ ಸ್ನಾಯುಗಳು ಜಜ್ಜಿದರೂ ಏರುವುದರಿಂದ, ವೈದ್ಯರನ್ನು ಎಷ್ಟೋ ಸಲ ದಾರಿತಪ್ಪಿಸಿತು. ಹೃದಯಕ್ಕೇ ವಿಶಿಷ್ಟವಾದ ಟ್ರೋಪೋನಿನ್ ಎಂಬ ಪ್ರೋಟೀನು ಆ ಸ್ಥಾನಕ್ಕೆ ಬಂದಿತು. ಇಸಿಜಿ ಮತ್ತು ಟ್ರೋಪೋನಿನ್ ಐ ಎರಡೂ ಸಹಜವಾಗಿದ್ದರೆ ಗಾಯವಿಲ್ಲವೆಂದು ತಿಳಿಯಬಹುದೆಂದು 2012ರ ಅಮೆರಿಕನ್ ಮಾರ್ಗಸೂಚಿ ಹೇಳುತ್ತದೆ. ರಕ್ತದೊತ್ತಡ ಕುಸಿದವರಲ್ಲಿ, ಹೃದಯದ ಲಯದ ಏರುಪೇರು ನಿಲ್ಲದವರಲ್ಲಿ ಎಕೋ ಪರೀಕ್ಷೆ ಅವಶ್ಯ. ಬಹುಪಾಲು ಜಜ್ಜುಗಾಯಗಳಿಗೆ ಲಯದ ಮೇಲೆ ಕಣ್ಣಿಟ್ಟು ಕಾಯುವುದೇ ಚಿಕಿತ್ಸೆ. ಗೋಡೆ ಬಿರಿದರೆ, ಕವಾಟ ಹರಿದರೆ ಶಸ್ತ್ರಕ್ರಿಯೆ.

ಗಾಯವೇ ಇಲ್ಲದೆ ಹೃದಯ ನಿಲ್ಲುವ ‘ಕಮೋಷಿಯೊ ಕಾರ್ಡಿಸ್’ ಇವೆಲ್ಲಕ್ಕಿಂತ ವಿಚಿತ್ರವಾದುದು. ಇಸಿಜಿಯ ಟಿ-ಅಲೆ ಶಿಖರಕ್ಕೇರುವ 15ರಿಂದ 30 ಮಿಲಿಸೆಕೆಂಡು ಮುಂಚೆ ಎದೆಗೆ ಚೆಂಡಿನ ಪೆಟ್ಟು ಬಿದ್ದರೆ ಹೃತ್ಕುಕ್ಷಿಗಳು ಅದುರತೊಡಗುವುದನ್ನು ಮಾರ್ಕ್ ಲಿಂಕ್ ಮತ್ತು ಸಂಗಡಿಗರು 1998ರಲ್ಲಿ ಎಳೆಯ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಇಂಥ ರೋಗಿಗೆ ಬಿದ್ದ ಸ್ಥಳದಲ್ಲಿಯೇ ಎದೆಯನ್ನು ಒತ್ತುತ್ತ, ಡಿಫಿಬ್ರಿಲೇಟರಿನಿಂದ ಕೂಡಲೇ ವಿದ್ಯುದಾಘಾತ ಕೊಡತಕ್ಕದ್ದು.