ಆರ್ಮಿಯೋ, ಏರ್‌ಫೋರ್ಸೋ ಅನ್ನೋ ಮೊದಲು ಬೆಳಗಾವಿಯ 1941 ಗೊತ್ತಿರಲಿ

ವಿದ್ಯಾರಣ್ಯಪುರದ ನಮ್ಮ ಹುಡುಗರು ಸಿಕ್ಕಾಗೆಲ್ಲ ಕೇಳೋದು ಒಂದೇ: "ಅಣ್ಣಾ, ಆರ್ಮಿಗೆ ಹೋಗೋದಾ, ನೇವಿಗಾ, ಏರ್‌ಫೋರ್ಸ್‌ಗಾ?" ಪಕ್ಕದಲ್ಲೇ ಜಾಲಹಳ್ಳಿ ವಾಯುಪಡೆ ನೆಲೆ, ಬಿಇಎಲ್. ಯೂನಿಫಾರ್ಮ್ ನೋಡ್ತಾ ಬೆಳೆದವರು, ಆಸೆ ಸಹಜ. ಆದರೆ ದಲಿತರ ಮಕ್ಕಳು ಇದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1818ರ ಭೀಮಾ ಕೋರೆಗಾಂವ್ ಎಲ್ಲರಿಗೂ ಗೊತ್ತು, ಪ್ರತಿ ಜನವರಿ 1ಕ್ಕೆ ಪೋಸ್ಟ್ ಹಾಕ್ತೀವಿ. ಆಮೇಲಿನ ಕತೆ ಹೇಳೋರು ಕಮ್ಮಿ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸುಬೇದಾರರು, ದಂಡಿನ ಶಾಲೆಯಲ್ಲಿ ಮೇಷ್ಟ್ರು. ಊರಿನ ಶಾಲೆ ನಮ್ಮೋರನ್ನ ಹೊರಗಿಟ್ಟಿದ್ದ ಕಾಲದಲ್ಲಿ ಸೈನ್ಯ ಅವರ ಮನೆಗೆ ಅಕ್ಷರ ಕೊಡ್ತು. ಸಂಬಳಕ್ಕಿಂತ ದೊಡ್ಡ ಗಳಿಕೆ ಅದು. 1891ರಲ್ಲಿ ಮ್ಹೌ ದಂಡಿನಲ್ಲಿ ಬಾಬಾಸಾಹೇಬರು ಹುಟ್ಟಿದರು. ಅದಾಗಿ ಒಂದೆರಡು ವರ್ಷದಲ್ಲೇ ಬ್ರಿಟಿಷರು 'ಯೋಧ ಜನಾಂಗ' ಅನ್ನೋ ಸಿದ್ಧಾಂತ ಹಿಡಿದು ಮಹಾರರ ಭರ್ತಿ ನಿಲ್ಲಿಸಿಬಿಟ್ಟರು. ಕೋರೆಗಾಂವ್ ಕಂಬದ ಮೇಲಿನ ಹೆಸರುಗಳು ಲೆಕ್ಕಕ್ಕೇ ಬರಲಿಲ್ಲ!

1910ರಲ್ಲಿ ಶಿವರಾಮ್ ಜಾನ್ಬಾ ಕಾಂಬ್ಳೆ ಮತ್ತೆ ಸೇರಿಸಿಕೊಳ್ಳಿ ಅಂತ ಮನವಿ ಬರೆದರು. ಮಹಾಯುದ್ಧ ಬಂದಾಗ, 1917ರಲ್ಲಿ, 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗೀತು, 1921ರ ಹೊತ್ತಿಗೆ ಪಡೆಯೂ ಮುಗೀತು. 1941ರಲ್ಲಿ ವೈಸ್‌ರಾಯ್ ರಕ್ಷಣಾ ಸಲಹಾ ಮಂಡಳಿಯಲ್ಲಿದ್ದ ಬಾಬಾಸಾಹೇಬರು ಒತ್ತಾಯ ಹಾಕಿದರು. ಅದೇ ಅಕ್ಟೋಬರ್‌ನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಶುರುವಾಯ್ತು. ಎಲ್ಲಿ? ನಮ್ಮ ಬೆಳಗಾವಿಯಲ್ಲಿ. ಅದು ಉಳೀತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನ 1946ರಲ್ಲೇ ವಿಸರ್ಜನೆ ಮಾಡಿದರು.

ಬೇಕಾದಾಗ ಕರೆಯೋದು, ಆಮೇಲೆ ಮನೆಗೆ ಕಳಿಸೋದು. ಈಗ ಯಾವ ಜಾತಿಯವನಾದರೂ ಸರಿ, 2022ರ ಅಗ್ನಿಪಥದಲ್ಲಿ ನಾಲ್ಕೇ ವರ್ಷ. ಕಾಯಂ ಆಗೋದು ನೂರಕ್ಕೆ ಹೆಚ್ಚೆಂದರೆ 25 ಜನ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ, ಪೆನ್ಷನ್ ಇಲ್ಲ. ಅಪ್ಪನ ಹೆಸರಲ್ಲಿ ಒಂದು ಗುಂಟೆ ಇಲ್ಲದ ಹುಡುಗ 22ಕ್ಕೆ ವಾಪಸ್ ಬಂದರೆ ಕೈಯಲ್ಲಿ ಏನಿರುತ್ತೆ ಅನ್ನೋದೇ ನನ್ನ ಪ್ರಶ್ನೆ.

ಅದಕ್ಕೇ ತಮ್ಮಾ, ಯಾವ ದಳ ಅಂತ ಕೇಳೋ ಮೊದಲು ಯಾವ ಕೆಲಸ ಅಂತ ಕೇಳು. ಆರ್ಮಿ ಟ್ರೇಡ್ಸ್‌ಮನ್‌ನಲ್ಲಿ 8ನೇ ಕ್ಲಾಸ್ ಪಾಸಾದವರಿಗೆ ಇಟ್ಟಿರೋದು ಹೌಸ್ ಕೀಪರ್, ಮೆಸ್ ಕೀಪರ್. ಪೊರಕೆ, ಪಾತ್ರೆ. ನಮ್ಮ ಅಜ್ಜಂದಿರಿಗೆ ಇದಕ್ಕೆ ಅರ್ಜಿ ಹಾಕೋ ಅಗತ್ಯಾನೇ ಇರಲಿಲ್ಲ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ತಗೊಂಡು 50 ಪರ್ಸೆಂಟ್ ದಾಟಿಸು, ಇಂಗ್ಲಿಷಿನಲ್ಲೂ ಅಷ್ಟೇ ತೆಗಿ. ಆಗ ಏರ್‌ಫೋರ್ಸ್, ನೇವಿಯ ಎಸ್‌ಎಸ್‌ಆರ್, ಆರ್ಮಿ ಟೆಕ್ನಿಕಲ್ ಮೂರಕ್ಕೂ ಅರ್ಜಿ ಹಾಕಬಹುದು. ನನ್ನನ್ನ ಕೇಳಿದರೆ ಮೊದಲು ಏರ್‌ಫೋರ್ಸ್. ಕಲಿತ ಟೆಕ್ನಿಕಲ್ ಕೆಲಸ ಹೊರಗೆ ಬಂದ ಮೇಲೂ ಅನ್ನ ಹಾಕುತ್ತೆ.

ಇನ್ನೊಂದು ಮಾತು. ಈ ಮೂರೂ ದಳಗಳ ಸೈನಿಕರ ಭರ್ತಿಯಲ್ಲಿ ನಮಗೆ ಮೀಸಲಾತಿ ಇಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್‌ನಲ್ಲಿ ಇದೆ, ಎಸ್‌ಸಿ/ಎಸ್‌ಟಿಗೆ ವಯಸ್ಸಲ್ಲಿ 5 ವರ್ಷ ಸಡಿಲಿಕೆಯೂ ಇದೆ. ಆ ಫಾರ್ಮನ್ನೂ ಜೊತೆಗೇ ತುಂಬಿ, ಜಾತಿ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ಜೈ ಭೀಮ್.