ನರೆತೆರೆಗೆ ಮದ್ದು

ಮುಪ್ಪಿನ ಗುರುತಿಗೆ ಕನ್ನಡದಲ್ಲಿ ‘ನರೆತೆರೆ’ ಎಂಬ ಜೋಡುನುಡಿಯಿದೆ. ನರೆಯೆಂದರೆ ಬಿಳಿಗೂದಲು, ತೆರೆಯೆಂದರೆ ಚರ್ಮದ ಸುಕ್ಕು. ನರೆಗೆ ಬಣ್ಣ ಬಳಿಯಬಹುದು, ತೆರೆಗೇನು ಮಾಡೋಣ? ಶಸ್ತ್ರ ಮುಟ್ಟಿಸದೆ ಅದನ್ನು ಕಳೆಯಲು ಮನುಷ್ಯನು ಪಟ್ಟ ಪಾಡನ್ನು ಓದುವಾಗ ನನಗೆ ನಗುವಿಗಿಂತ ಮರುಕವೇ ಹೆಚ್ಚಾಯಿತು.

1899ರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಗೆರ್ಸುನಿ ಚರ್ಮದಡಿಗೆ ವ್ಯಾಸಲೀನ್ ಚುಚ್ಚುವ ಚಿಕಿತ್ಸೆಯನ್ನು ಆರಂಭಿಸಿದನು. ಬೇಗನೆ ಪ್ಯಾರಾಫಿನ್ ಮೇಣವೂ ಸುಕ್ಕು ತುಂಬಲು, ಮೂಗು ತಿದ್ದಲು ಬಳಕೆಗೆ ಬಂತು. ಚೆಲುವಿಗೆ ಹೆಸರಾಗಿದ್ದ ಗ್ಲಾಡಿಸ್ ಡೀಕನ್ ಹರೆಯದಲ್ಲೇ ಮೂಗಿಗೆ ಮೇಣ ತುಂಬಿಸಿಕೊಂಡಳು. ದಿನ ಕಳೆದಂತೆ ಅದು ಗದ್ದದತ್ತ ಜಾರಿತು. 1921ರಲ್ಲಿ ಆಕೆ ಮಾರ್ಲ್‌ಬರೋ ಡಚೆಸ್ ಆದಳು. ಹಳೆಯ ಮುಖ ಮಾತ್ರ ಮರಳಲಿಲ್ಲ. ಎಷ್ಟೋ ಜನರಿಗೆ ಮೇಣದ ಸುತ್ತ ಗಂಟುಗಳೆದ್ದವು.

ತಪ್ಪಿದ್ದೆಲ್ಲಿ? ಚರ್ಮವನ್ನು ಬಿಗಿಯಾಗಿ ಹಿಡಿದಿಡುವುದು ಅದರೊಳಗಿನ ಕೊಲಾಜನ್ ಎಂಬ ನಾರು. ವಯಸ್ಸು, ಬಿಸಿಲು, ಧೂಮಪಾನ ಅದನ್ನು ಸವೆಸುತ್ತವೆ. ಅಡಿಯ ಕೊಬ್ಬೂ ಮೂಳೆಯೂ ಕುಗ್ಗುತ್ತವೆ. ಮೇಣವು ಹಳ್ಳವನ್ನು ತುಂಬೀತೇ ಹೊರತು ನಾರನ್ನು ನೇಯಲಾರದು.

ನೇಯುವ ಕೆಲಸವನ್ನು ದೇಹಕ್ಕೇ ಒಪ್ಪಿಸುವ ಉಪಾಯ ಆಮೇಲೆ ಬಂತು. ಅಮೆರಿಕದಲ್ಲಿ 2002ರಲ್ಲಿ ಕಣ್ಣಿನ ಸುತ್ತಣ ಸುಕ್ಕಿಗೆ ರೇಡಿಯೋ ತರಂಗದ ಯಂತ್ರಕ್ಕೂ, 2009ರಲ್ಲಿ ಹುಬ್ಬನ್ನೆತ್ತಲು ಅಲ್ಟ್ರಾಸೌಂಡ್ ಯಂತ್ರಕ್ಕೂ ಸರಕಾರದ ಒಪ್ಪಿಗೆ ದೊರೆಯಿತು. ಇವು ಚರ್ಮದ ಒಳಪದರವನ್ನು ಕಾಯಿಸುತ್ತವೆ. ಹಳೆಯ ನಾರು ಮುದುಡಿ, ಕೆಲವು ತಿಂಗಳಲ್ಲಿ ಹೊಸತು ಹುಟ್ಟುತ್ತದೆ. ಆದರೆ ಫಲ ಮಿತವಾದದ್ದು. ತೀರ ಜೋಲುಬಿದ್ದ ಕೆನ್ನೆಯನ್ನು ಇವು ಎತ್ತಲಾರವು. ಕೈ ತಪ್ಪಿದರೆ ಸುಟ್ಟಗಾಯವೂ ಉಂಟು.

ಯಯಾತಿಯು ಮಗನಿಂದ ಪಡೆದ ಯೌವನವನ್ನು ಕೊನೆಗೆ ಹಿಂದಿರುಗಿಸಬೇಕಾಯಿತು. ಯಂತ್ರ ಕೊಡುವುದೂ ಎರವಲೇ. ಅಷ್ಟನ್ನು ತಿಳಿದು ಹೋಗುವವರು ಗ್ಲಾಡಿಸಳಂತೆ ಮರುಗಬೇಕಾಗಿಲ್ಲ.