ಎಂಬ್ರಿಯೋ: ಮ್ಯೂನಿಕ್‌ನ ರಾಕ್ ತಂಡ, ಬೆಂಗಳೂರಿನ ಲಯ

ಎಂಬ್ರಿಯೋ ಜರ್ಮನಿಯ ಮ್ಯೂನಿಕ್ ನಗರದಲ್ಲಿ 1969ರಲ್ಲಿ ಹುಟ್ಟಿದ ಪ್ರಯೋಗಶೀಲ ಪ್ರೋಗ್ರೆಸಿವ್ ರಾಕ್ ತಂಡ. ಡ್ರಮ್ಸ್ ಮತ್ತು ವೈಬ್ರಫೋನ್ ನುಡಿಸುತ್ತಿದ್ದ ಕ್ರಿಶ್ಚಿಯನ್ ಬುರ್ಕಾರ್ಡ್, ಸ್ಯಾಕ್ಸೊಫೋನ್ ಮತ್ತು ಪಿಟೀಲು ವಾದಕ ಎಡ್ಗರ್ ಹಾಫ್‌ಮನ್ ಇದರ ಸ್ಥಾಪಕರು. ಈ ತಂಡವೂ ಇದರಿಂದ ಕವಲೊಡೆದ ಡಿಸಿಡೆಂಟನ್ ತಂಡವೂ ಬೆಳೆದ ಬಗೆಯಲ್ಲಿ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಗೆ ದೊಡ್ಡ ಪಾಲಿದೆ.

ಅರವತ್ತರ ದಶಕದ ಕೊನೆಗೆ ಜರ್ಮನ್ ಯುವಕರಿಗೆ ಅಮೆರಿಕದ, ಇಂಗ್ಲೆಂಡಿನ ರಾಕ್ ಅನ್ನು ನಕಲು ಮಾಡಿ ಸಾಕಾಗಿತ್ತು. ಕಲೋನ್‌ನಲ್ಲಿ ಕ್ಯಾನ್, ಮ್ಯೂನಿಕ್‌ನಲ್ಲಿ ಅಮೋನ್ ಡ್ಯೂಲ್ 2 ತಂಡಗಳು ಹಾಡಿನ ಪಲ್ಲವಿ-ಚರಣದ ಕಟ್ಟು ಬಿಟ್ಟು, ಅರ್ಧ ಗಂಟೆ ಸಲೀಸಾಗಿ ಸಾಗುವ ವಾದ್ಯಸಂಗೀತಕ್ಕೆ ಕೈಹಾಕಿದವು. ಬ್ರಿಟಿಷ್ ಪತ್ರಿಕೆಗಳು ಅರೆಗೇಲಿಯಲ್ಲಿ ಇದನ್ನು ಕ್ರೌಟ್‌ರಾಕ್ ಎಂದು ಕರೆದವು. ಎಂಬ್ರಿಯೋದ ಮೊದಲ ಧ್ವನಿಮುದ್ರಿಕೆ 'ಓಪಲ್' 1970ರಲ್ಲಿ ಬಂತು. ಮರುವರ್ಷ 'ಎಂಬ್ರಿಯೋಸ್ ರಾಖೆ'. 1946ರಲ್ಲಿ ಬವೇರಿಯಾದ ಹೋಫ್ ಪಟ್ಟಣದಲ್ಲಿ ಹುಟ್ಟಿದ ಬುರ್ಕಾರ್ಡ್ ಜಾಝ್‌ನಿಂದ ಬಂದವರಾದ್ದರಿಂದ ತಂಡಕ್ಕೆ ಮನೋಧರ್ಮವೇ, ಅಂದರೆ ಆಶುವಾಗಿ ನುಡಿಸುವುದೇ, ಬಂಡವಾಳವಾಗಿತ್ತು. ಕಲಾವಿದರು ಬರುತ್ತಿದ್ದರು, ಹೋಗುತ್ತಿದ್ದರು. ಬುರ್ಕಾರ್ಡ್ ಮಾತ್ರ ಕದಲಲಿಲ್ಲ.

ಹೀಗೆ ಬಂದವರಲ್ಲಿ ಮುಖ್ಯರಾದವರು ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923-2009). ಚಾರ್ಲ್ಸ್ ಮಿಂಗಸ್‌ರಂಥ ದಿಗ್ಗಜರ ಜೊತೆ ನುಡಿಸಿದ್ದ ಅವರು 1973ರ 'ವಿ ಕೀಪ್ ಆನ್' ಧ್ವನಿಮುದ್ರಿಕೆಯಲ್ಲಿ ಎಂಬ್ರಿಯೋ ಜೊತೆಗಿದ್ದರು. ಮಲೇಷ್ಯಾದಲ್ಲಿ ನಾಗಸ್ವರ ಕೇಳಿ ಮನಸೋತು, ಮುಂದೆ ತಮಿಳುನಾಡಿಗೆ ಬಂದು ಅದನ್ನು ಕಲಿತರು. ಹಾರೂಗೇರಿ, ರಾಯಬಾಗ, ಅಥಣಿ ಸೀಮೆಯವರು ನಾಗಸ್ವರವನ್ನು ಸನಾದಿಯ ದಕ್ಷಿಣದ ಅಣ್ಣನೆಂದು ತಿಳಿದರೆ ಸಾಕು: ಅದೇ ಊದುವ ಜಾತಿ, ಇನ್ನಷ್ಟು ಉದ್ದ, ಇನ್ನಷ್ಟು ಗಡಸು ದನಿ.

ಧ್ವನಿಮುದ್ರಿಕೆ ಕಂಪನಿಗಳ ಹಂಗು ಬೇಡವೆಂದು 1976ರಲ್ಲಿ ಎಂಬ್ರಿಯೋ ಇತರ ಜರ್ಮನ್ ತಂಡಗಳ ಜೊತೆ ಸೇರಿ ಕಲಾವಿದರದೇ ಆದ ಸಂಸ್ಥೆ ಕಟ್ಟಿತು. ಏಪ್ರಿಲ್ ಎಂದಿದ್ದ ಅದರ ಹೆಸರು ಬಳಿಕ ಶ್ನೇಬಾಲ್, ಅಂದರೆ ಹಿಮದುಂಡೆ ಎಂದಾಯಿತು. 1978-79ರಲ್ಲಿ ತಂಡ ವಾದ್ಯಗಳನ್ನು ಬಸ್ಸಿಗೇರಿಸಿಕೊಂಡು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನದ ಮಾರ್ಗವಾಗಿ ಭಾರತಕ್ಕೆ ಹೊರಟಿತು. ದಾರಿಯ ಊರುಗಳಲ್ಲಿ ಅಲ್ಲಲ್ಲಿಯ ಕಲಾವಿದರ ಜೊತೆ ಕೂತು ನುಡಿಸಿತು. ಆ ಪ್ರಯಾಣದ ಸಂಗೀತ 1979ರ 'ಎಂಬ್ರಿಯೋಸ್ ರೈಸೆ' ಜೋಡಿ ಮುದ್ರಿಕೆಯಾಯಿತು. ವರ್ನರ್ ಪೆಂಜೆಲ್ ತೆಗೆದ ಸಾಕ್ಷ್ಯಚಿತ್ರ 'ವಾಗಬುಂಡೆನ್ ಕರವಾನೆ' 1980ರಲ್ಲಿ ತೆರೆಕಂಡಿತು.

ಇತ್ತ ಬೆಂಗಳೂರಿನಲ್ಲಿ, ಎಂಬ್ರಿಯೋ ಮುಂದೆ ಜೊತೆಗೂಡಲಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಅನ್ನು ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಆರಂಭಿಸಿದ್ದರು. ಗಾಯನಕ್ಕೆ ಅವರ ಪತ್ನಿ ಆರ್.ಎ. ರಮಾಮಣಿ, ಘಟ ಮತ್ತು ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಪಕ್ಕವಾದ್ಯವೆಂದು ಬದಿಗೆ ಕೂರುವ ವಾದ್ಯಗಳನ್ನು ನಡುವೇದಿಕೆಗೆ ತಂದ ಬಳಗ ಇದು. ಪಾಶ್ಚಾತ್ಯ ಡ್ರಮ್ ವಾದಕರಿಗೂ ಇವರಿಗೂ ನಡುವಿನ ಸೇತುವೆ ಕೊನ್ನಕ್ಕೋಲ್: ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲು. 'ತಕ ತಕಿಟ' ಎಂದರೆ ಎರಡು-ಮೂರು ಸೇರಿ ಐದು. 'ತಕಿಟ ತಕಧಿಮಿ' ಎಂದರೆ ಮೂರು-ನಾಲ್ಕು ಸೇರಿ ಏಳು. ಪ್ರೋಗ್ರೆಸಿವ್ ರಾಕ್‌ನವರು ಕಾಗದದಲ್ಲಿ ಬರೆದು, ಬೆರಳು ಮಡಚಿ ಎಣಿಸುವ ಐದು, ಏಳರ ಲೆಕ್ಕ ಇಲ್ಲಿ ಬಾಯಿಪಾಠ. ಒಂದೇ ಸೊಲ್ಲುಕಟ್ಟನ್ನು ಮೂರು ಬಾರಿ ನುಡಿಸಿ ಸರಿಯಾಗಿ ಹಾಡು ಶುರುವಾಗುವ ಎತ್ತುಗಡೆಗೆ ಬಂದು ಬೀಳುವ ಮುಕ್ತಾಯವಂತೂ ನಾಲ್ಕರ ಹೊಡೆತಕ್ಕೆ ಒಗ್ಗಿದ ಕಿವಿಗೆ ಹೊಸದು.

ನಾದದ ಕಡೆಯಿಂದಲೂ ಹೊಂದಿಸಿಕೊಳ್ಳಬೇಕಿತ್ತು. ಮೃದಂಗದ ಬಲಮುಖದಲ್ಲಿ ಕರಣೆ ಎಂಬ ಕಪ್ಪು ಲೇಪ, ಎಡಮುಖಕ್ಕೆ ನುಡಿಸುವ ಮುಂಚೆ ಮೆತ್ತಿ ಮುಗಿದ ಮೇಲೆ ಕೆರೆದು ತೆಗೆಯುವ ರವೆಯ ಕಣಕ. ಇಷ್ಟು ನಾಜೂಕಾಗಿ ಶ್ರುತಿಗೆ ಕೂರಿಸಿದ ಚರ್ಮವಾದ್ಯದ ಪಕ್ಕದಲ್ಲಿ ಡ್ರಮ್ ಸೆಟ್ ಅಬ್ಬರಿಸಿದರೆ ಕೇಳುವುದು ಡ್ರಮ್ ಒಂದೇ. ಜಾತ್ರೆಯ ಬಯಲಿನಲ್ಲಿ ಕರಡಿ ಮಜಲಿನ ಎದುರು ಯಾರಾದರೂ ತಬಲಾ ಹಿಡಿದು ಕೂತ ಹಾಗೆ. ದನಿ ತಗ್ಗಿಸಿಕೊಳ್ಳಬೇಕಾದದ್ದು ರಾಕ್‌ನವರೇ.

ಎಂಬ್ರಿಯೋ, ಮರಿಯಾನೊ ಮತ್ತು ಬೆಂಗಳೂರಿನ ಬಳಗ ಕೂಡಿ ಮಾಡಿದ 'ಲೈಫ್' 1980ರಲ್ಲಿ ಹೊರಬಂತು. ಆ ಬಳಿಕ ಭಾರತ ಪ್ರವಾಸದ ಸದಸ್ಯರಾದ ಫ್ರೀಡೊ ಜೋಷ್, ಊವೆ ಮ್ಯೂಲ್ರಿಷ್ ಬೇರೆಯಾಗಿ, ಮಾರ್ಲಾನ್ ಕ್ಲೈನ್ ಜೊತೆ ಡಿಸಿಡೆಂಟನ್ ತಂಡ ಕಟ್ಟಿದರು. ಅವರ ಮೊದಲ ಮುದ್ರಿಕೆ 'ಜರ್ಮನಿಸ್ತಾನ್' (1982) ಕೂಡ ಈ ಬೆಂಗಳೂರಿನ ವಾದಕರ ಜೊತೆಯದೇ. ಡಿಸಿಡೆಂಟನ್ ಅಲ್ಲಿಂದ ಮೊರಾಕೊಗೆ ಹೋಗಿ, 1984ರಲ್ಲಿ 'ಸಹಾರಾ ಎಲೆಕ್ಟ್ರಿಕ್' ಮಾಡಿ, ಅದರ 'ಫಾಟಾ ಮೊರ್ಗಾನಾ' ಹಾಡಿನಿಂದ ಯುರೋಪಿನಲ್ಲಿ ಮನೆಮಾತಾಯಿತು. ಇತ್ತ ಮರಿಯಾನೊ ಫೆಬ್ರವರಿ 1983ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ ಬೆಂಗಳೂರಿನ ನಾಲ್ವರೊಂದಿಗೆ 'ಜ್ಯೋತಿ' ಧ್ವನಿಮುದ್ರಿಸಿದರು. ಜಾಝ್ ಲೋಕದ ಪ್ರತಿಷ್ಠಿತ ಇಸಿಎಂ ಸಂಸ್ಥೆ ಹೊರತಂದ ಈ ಮುದ್ರಿಕೆ ಸ್ಯಾಕ್ಸೊಫೋನ್‌ನಿಂದಲ್ಲ, ರಮಾಮಣಿಯವರ ಒಂಟಿ ದನಿಯಿಂದ ತೆರೆದುಕೊಳ್ಳುತ್ತದೆ.

ರಾಕ್‌ಗೆ ಭಾರತದ ನಂಟು ಹೊಸದೇನಲ್ಲ. ಬೀಟಲ್ಸ್ 1965ರಲ್ಲೇ ಹಾಡೊಂದಕ್ಕೆ ಸಿತಾರ್ ಸೇರಿಸಿದ್ದರು. ಅಲ್ಲಿ ಅದು ಒಗ್ಗರಣೆ. ಎಂಬ್ರಿಯೋದ ದಾರಿ ಬೇರೆ. ಅದು ಭಾರತದಿಂದ ಒಂದು ವಾದ್ಯವನ್ನಷ್ಟೇ ಒಯ್ಯಲಿಲ್ಲ, ಲಯದ ಲೆಕ್ಕವನ್ನೇ ಕಲಿಯಲು ಕೂತಿತು.

ಬುರ್ಕಾರ್ಡ್ 2018ರ ಜನವರಿಯಲ್ಲಿ ತೀರಿಕೊಂಡರು. ಮಗಳು ಮಾರ್ಯಾ ಬುರ್ಕಾರ್ಡ್ ತಂಡವನ್ನು ಮುಂದುವರಿಸಿದರು. 'ಲೈಫ್', 'ಜರ್ಮನಿಸ್ತಾನ್', 'ಜ್ಯೋತಿ' ಮೂರೂ ಮುದ್ರಿಕೆಗಳು ಪಾಶ್ಚಾತ್ಯ ಕಲಾವಿದರ ಹೆಸರಿನ ಜೊತೆಜೊತೆಗೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಹೆಸರನ್ನೂ ಹೊತ್ತು ಹೊರಬಂದಿವೆ.